ಬೀಗಿತ್ತಿಗೆ ಸೋಲುವುದು ಹೇಗೆ

ನನಗೆ ಸೋಲಲು ಬರುವುದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಹಾಗೆ. ಬಾಗಲಕೋಟೆ ಕಡೆಯ ನಮ್ಮೂರಿನಲ್ಲಿ ಪಗಡೆ ಆಡುವಾಗ ನನ್ನ ಕಾಯಿ ಸತ್ತರೆ ಕವಡೆಗಳನ್ನೆಲ್ಲ ಅಂಗಳಕ್ಕೆ ಎಸೆಯುತ್ತಿದ್ದೆನಂತೆ. ತಮ್ಮಂದಿರು ಹುಡುಕಿ ತರುತ್ತಿದ್ದರು, ಮತ್ತೆ ಆಟ, ಮತ್ತೆ ಎಸೆತ. ಈಗ ವಯಸ್ಸು ಐವತ್ತೆರಡು. ಯಲಹಂಕದಲ್ಲಿ ಮನೆ, ಆರ್.ಟಿ. ನಗರದ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ. ಆಟ ಫೋನಿನೊಳಗೆ ಬಂದಿದೆ, ಫೋನನ್ನು ಎಸೆಯಲಾಗುವುದಿಲ್ಲ. ನನ್ನಲ್ಲಿ ಆಗಿರುವ ಸುಧಾರಣೆ ಅಷ್ಟೇ.

ನಾನು ಆಡುವುದು ಪದ ಕಟ್ಟುವ ಆಟ. ಇಂಗ್ಲಿಷ್ ಅಕ್ಷರಗಳ ಏಳು ಬಿಲ್ಲೆ ನಿಮ್ಮ ಪಾಲಿಗೆ ಬರುತ್ತವೆ, ಎದುರಾಳಿಗೂ ಏಳು. ಮನೆ ಮನೆಯಾಗಿ ಗೆರೆ ಎಳೆದ ಹಾಸಿನ ಮೇಲೆ ಒಬ್ಬರಾದ ಮೇಲೆ ಒಬ್ಬರು ಪದ ಕಟ್ಟುತ್ತಾ ಹೋಗಬೇಕು, ಮೊದಲೇ ಇರುವ ಪದಕ್ಕೆ ಎಲ್ಲಾದರೂ ತಗುಲಿಸಿಯೇ ಕಟ್ಟಬೇಕು. ಸಾಧಾರಣ ಅಕ್ಷರಕ್ಕೆ ಒಂದು ಅಂಕ, ಕ್ಯೂ, ಜೆಡ್ ಥರದ ತರಲೆಗಳಿಗೆ ಹತ್ತು. ಅಲ್ಲಲ್ಲಿ ಬಣ್ಣದ ಮನೆಗಳಿವೆ. ಕೆಂಪು ಮನೆಯ ಮೇಲೆ ಪದ ಬಿದ್ದರೆ ಅಂಕ ಮೂರು ಪಟ್ಟು. ಏಳೂ ಬಿಲ್ಲೆಗಳನ್ನು ಒಂದೇ ಏಟಿಗೆ ಇಳಿಸಿದರೆ ಐವತ್ತು ಅಂಕ ಇನಾಮು. ಒಂದು ಪದ ಯೋಚಿಸಲು ಮೂರು ದಿನ ಅವಕಾಶವಿರುವುದರಿಂದ ಒಂದೊಂದು ಆಟ ವಾರಗಟ್ಟಲೆ ಎಳೆಯುತ್ತದೆ. ಎದುರಾಳಿ ಯಾವ ದೇಶದಲ್ಲಾದರೂ ಇರಬಹುದು, ಪಕ್ಕದ ಬೀದಿಯಲ್ಲೂ ಇರಬಹುದು.

ಇಂಗ್ಲಿಷ್ ಚೆನ್ನಾಗಿ ಬಂದವರು ಇದರಲ್ಲಿ ಗೆಲ್ಲುತ್ತಾರೆ ಎಂದು ಜನ ತಿಳಿದಿದ್ದಾರೆ. ಸುಳ್ಳು. ನಮ್ಮ ಕಾಲೇಜಿನ ಇಂಗ್ಲಿಷ್ ಮೇಷ್ಟ್ರನ್ನು ನಾನು ಹದಿನಾರು ಸಲ ಸೋಲಿಸಿದ್ದೇನೆ. ಅವರು ಚಂದದ ಪದ ಹುಡುಕುತ್ತಾ ಕೂರುತ್ತಾರೆ. ನಾನು ಜಿಪುಣಿಯ ಹಾಗೆ ಆಡುತ್ತೇನೆ. ಎಸ್ ಬಿಲ್ಲೆ ಸಿಕ್ಕರೆ ಖರ್ಚು ಮಾಡುವುದಿಲ್ಲ, ದೊಡ್ಡ ಪದದ ಬಾಲಕ್ಕೆ ಅಂಟಿಸಲು ಎತ್ತಿಟ್ಟುಕೊಳ್ಳುತ್ತೇನೆ. ಎರಡೆರಡು ಅಕ್ಷರದ ಪದಗಳು ನೂರಕ್ಕೂ ಮೇಲಿವೆ, ಅವನ್ನೆಲ್ಲ ಬಾಯಿಪಾಠ ಮಾಡಿದ್ದೇನೆ, ಅರ್ಥ ಮಾತ್ರ ಕೇಳಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ, ಕೆಂಪು ಮನೆಯ ಪಕ್ಕ ಎದುರಾಳಿಗೆ ದಾರಿ ಬಿಟ್ಟುಕೊಡುವುದಿಲ್ಲ. ನನಗೆ ಸಿಗದಿದ್ದರೆ ಅವರಿಗೂ ಸಿಗಬಾರದು.

ಹಾಗಂತ ಆಟಕ್ಕೆ ಮರ್ಯಾದೆ ಇಲ್ಲದಿಲ್ಲ. ಶುರುವಿಗೆ ಒಂದು ನಮಸ್ಕಾರ ಹಾಕಬೇಕು. ಪದ ಹುಡುಕಿಕೊಡುವ ಆ್ಯಪುಗಳನ್ನು ಮುಟ್ಟಬಾರದು. ಎದುರಾಳಿ ಒಳ್ಳೆಯ ಪದ ಇಟ್ಟಾಗ ನಿಮ್ಮ ಲಕ್ಕು ಅನ್ನಬಾರದು, ಭೇಷ್ ಅನ್ನಬೇಕು, ಹೊಟ್ಟೆ ಉರಿದರೂ ಸರಿ. ಸೋಲುತ್ತಿದ್ದೇನೆ ಎಂದು ಗೊತ್ತಾದರೂ ಕೊನೆಯ ಬಿಲ್ಲೆಯ ತನಕ ಕೂತು ಆಡಬೇಕು. ಇನ್ನು, ಊಟ ಆಯ್ತಾ ಡಿಯರ್ ಎಂದು ಚಾಟಿನಲ್ಲಿ ಬರುವ ಗಂಡಸರನ್ನು ನಾನು ಮೊದಲು ಸೋಲಿಸುತ್ತೇನೆ, ಆಮೇಲೆ ಬ್ಲಾಕ್ ಮಾಡುತ್ತೇನೆ. ಈ ಕ್ರಮ ತಪ್ಪಿಸುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ಯಾಕೆಂದರೆ, ಇಂಥ ನನಗೆ ಒಂದು ಸಲ ಬೇಕೆಂದೇ ಸೋಲುವ ಕೆಲಸ ಬಂತು.

ನನ್ನ ಮಗಳು ಯಲಹಂಕದ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ. ಅದೇ ಶಾಲೆಯ ಆಟದ ಮೇಷ್ಟ್ರನ್ನು ಮೆಚ್ಚಿಕೊಂಡಳು. ಹುಡುಗ ಚಿಕ್ಕಜಾಲದವನು. ತಂದೆ ಇಲ್ಲ, ತಾಯಿ ಇದ್ದಾರೆ, ಜೊತೆಗೆ ತಂದೆಯ ಅಕ್ಕ ಒಬ್ಬರು. ಅವರ ಮನೆಗೂ ನಮ್ಮ ಮನೆಗೂ ಮಾತು ಬೇರೆ, ನಮ್ಮದು ರೊಟ್ಟಿ, ಅವರದು ಮುದ್ದೆ. ಆದರೂ ಹಿರಿಯರೆಲ್ಲ ಒಪ್ಪಿ ಹೂ ಮುಡಿಸುವ ಶಾಸ್ತ್ರ ಮುಗಿಯಿತು. ಮದುವೆಗೆ ಇನ್ನೂ ಮೂರು ತಿಂಗಳಿತ್ತು. ಈ ನಡುವಿನ ಕಾಲ ಹೆಣ್ಣಿನ ಕಡೆಯವರಿಗೆ ಬಲು ಕಷ್ಟದ್ದು. ಜೋರಾಗಿ ಸೀನುವಂತಿಲ್ಲ.

ನನ್ನ ವಿಷಯದಲ್ಲಿ ಮನೆಯವರಿಗೆ ಹೆದರಿಕೆ ಇದ್ದದ್ದಕ್ಕೆ ಕಾರಣವೂ ಇತ್ತು. ಎರಡು ವರ್ಷದ ಹಿಂದೆ ಬೇರೊಂದು ಸಂಬಂಧ ಬಂದಿತ್ತು. ಆ ಹುಡುಗನ ತಂದೆ ನಮ್ಮ ಹಾಲಿನಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಾ, ಹುಡುಗಿ ಆ ಗೋಡೆಯಿಂದ ಈ ಗೋಡೆಗೆ ಒಂಚೂರು ನಡೆದು ತೋರಿಸಲಿ ಎಂದರು. ನಿಮ್ಮ ಹುಡುಗನೂ ನಡೆಯಲಿ, ಅದಕ್ಕೆ ಮೊದಲು ಹೊಟ್ಟೆ ಒಳಗೆ ಎಳೆದುಕೊಳ್ಳಲಿ ಎಂದುಬಿಟ್ಟೆ. ಅರ್ಧ ತಿಂದ ಉಪ್ಪಿಟ್ಟಿನ ತಟ್ಟೆಗಳು ಅಲ್ಲೇ ಉಳಿದವು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅದನ್ನು ನೆನಪಿಟ್ಟುಕೊಂಡೇ ಮಗಳು ಈ ಸಲ ಅಡುಗೆಮನೆಗೆ ಬಂದು ನನ್ನ ಕೈ ಹಿಡಿದುಕೊಂಡಿದ್ದಳು.

"ಅಮ್ಮಾ, ಆವತ್ತು ನೀನು ಅಂದಿದ್ದು ಒಳ್ಳೇದೇ ಆಯ್ತು. ಆ ಹುಡುಗ ನಂಗೂ ಇಷ್ಟ ಇರ್ಲಿಲ್ಲ. ಈ ಸಲ ಮಾತ್ರ ಬೇಡಮ್ಮ. ನಂಗೆ ಇವ್ನು ಬೇಕು."

ಮಗಳು ಹಾಗೆಲ್ಲ ಕೇಳಿಕೊಳ್ಳುವವಳಲ್ಲ, ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು. ಈ ಸಲ ಬಾಯಿ ಬಿಗಿಹಿಡಿಯುತ್ತೇನೆ ಎಂದು ಆಣೆ ಮಾಡಿದೆ.

ಶಾಸ್ತ್ರದ ದಿನ ನಾನು ಸೀರೆ ಸೆರಗಿನ ಮರೆಯಲ್ಲಿ ಫೋನು ಒತ್ತುತ್ತಿದ್ದುದನ್ನು ಬೀಗಿತ್ತಿ, ಅಂದರೆ ಹುಡುಗನ ತಾಯಿ, ನೋಡಿಬಿಟ್ಟಿದ್ದರು. ಸಣ್ಣ ಮೈಕಟ್ಟಿನ, ಮೆಲ್ಲಗೆ ಮಾತಾಡುವ ಹೆಂಗಸು. ಹಿಂದೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು ರಿಟೈರಾದವರು. ಏನು ಆಟ ಎಂದು ವಿಚಾರಿಸಿ, ತನಗೂ ಸ್ವಲ್ಪ ಸ್ವಲ್ಪ ಬರುತ್ತದೆ ಎಂದು ನಕ್ಕಿದ್ದರು. ಆ ಸ್ವಲ್ಪವನ್ನು ನಾನು ನಂಬಿದೆ. ಒಂದು ವಾರ ಕಳೆದು ಅವರಿಂದ ಆಟಕ್ಕೆ ಕರೆ ಬಂತು.

ಮೊದಲನೇ ಆಟ ನಾನು ನನ್ನ ಅಭ್ಯಾಸದಂತೆ ಆಡಿಬಿಟ್ಟೆ. ಬಸ್ಸಿನಲ್ಲಿದ್ದೆ, ಬಿಲ್ಲೆಗಳು ಚೆನ್ನಾಗಿ ಬಿದ್ದಿದ್ದವು, ಎರಡನೇ ಸರದಿಗೇ ಏಳೂ ಬಿಲ್ಲೆ ಇಳಿಸಿ ಇನಾಮು ಹೊಡೆದೆ. ಆಟ ಮುಗಿದಾಗ ನನ್ನದು ನಾನ್ನೂರ ಹನ್ನೆರಡು, ಬೀಗಿತ್ತಿಯದು ನೂರ ಎಂಬತ್ತೇಳು. ಚೆನ್ನಾಗಿ ಆಡ್ತೀರಾ ಕಣ್ರೀ ಎಂದು ಬರೆದರು. ನಾನು ಬೀಗುತ್ತಾ ರಾತ್ರಿ ಊಟಕ್ಕೆ ಕೂತಾಗ ಅಂಕಗಳನ್ನು ಹೇಳಿದೆ. ಮಗಳು ತುತ್ತು ತಟ್ಟೆಗೇ ಇಟ್ಟಳು.

ನನ್ನ ಗಂಡ ಗೊರಗುಂಟೆಪಾಳ್ಯದ ಆಚೆ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ದಿನಾ ಸಂಜೆ ಆ ಸರ್ಕಲ್ಲಿನ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ಸುಮ್ಮನೆ ಕೂತು ಬರುವ ಮನುಷ್ಯನಿಗೆ ತಾಳ್ಮೆ ತಾನಾಗಿ ಬಂದಿದೆ. ಅವರು ಸಾವಕಾಶವಾಗಿ ಮಜ್ಜಿಗೆ ಕುಡಿದು ತೀರ್ಪು ಕೊಟ್ಟರು.

"ನೋಡು, ನಾವು ಹೆಣ್ಣಿನ ಕಡಿಯವ್ರು. ಇನ್ನ ಮ್ಯಾಲ ಸುಮ್ನ ಸೋತುಬಿಡು."

ಹೆಣ್ಣಿನ ಕಡೆಯವರು ಆರತಿ ತಟ್ಟೆಯಲ್ಲಿ ಸೋಲಬೇಕು, ಊಟದ ಸಾಲಿನಲ್ಲಿ ಸೋಲಬೇಕು, ಸರಿ. ಫೋನಿನಲ್ಲೂ ಸೋಲಬೇಕೆಂದು ಯಾವ ಶಾಸ್ತ್ರದಲ್ಲಿ ಬರೆದಿದೆ ಎಂದು ರೇಗಿದೆ. ಮಗಳ ಮುಖ ನೋಡಿದೆ. ಆಣೆ ನೆನಪಾಯಿತು. ಆಯಿತು, ಸೋಲುತ್ತೇನೆ ಎಂದೆ.

ಅಂದಷ್ಟು ಸುಲಭವಾಗಿರಲಿಲ್ಲ. ನಾನು ಸೋಲಬೇಕಾದರೆ ಎದುರಿನವರಿಗೆ ಗೆಲ್ಲಲು ಬರಬೇಕಲ್ಲ? ಬೀಗಿತ್ತಿ ಆಡುತ್ತಿದ್ದ ರೀತಿ ನೋಡಿ ನನ್ನ ಜೀವ ಬೇಯುತ್ತಿತ್ತು. ಕೆಂಪು ಮನೆಯ ಮುಂದೆ ಹಾದಿ ಸಾರಿಸಿ ರಂಗೋಲಿ ಹಾಕಿಟ್ಟ ಹಾಗೆ ಬಿಟ್ಟುಕೊಟ್ಟರೂ ಅದನ್ನು ದಾಟಿ, ಆ ಮೂಲೆಯಲ್ಲಿ ಇಂಗ್ಲಿಷಿನಲ್ಲಿ ನಾಯಿ ಎಂದೋ ಟೋಪಿ ಎಂದೋ ಮೂರಕ್ಷರದ ಪದ ಇಟ್ಟು ಆರು ಅಂಕ ತಗೊಂಡು ಸುಮ್ಮನಾಗುತ್ತಿದ್ದರು. ಅವರ ಪಾಲಿಗೆ ಬಂದ ಕ್ಯೂ ಬಿಲ್ಲೆ ಆಟ ಮುಗಿಯುವ ತನಕ ಅವರ ಬಳಿಯೇ ಕೂತಿರುತ್ತಿತ್ತು. ನಾನು ಬೆಕ್ಕು, ಇಲಿ, ಚಾಪೆ ಎಂದು ಮಕ್ಕಳ ಪದ ಕಟ್ಟಿದೆ. ಎಸ್ ಬಿಲ್ಲೆಗಳನ್ನು ಬೀದಿಗೆಸೆದೆ. ಅಷ್ಟು ಮಾಡಿಯೂ ಎರಡನೇ ಆಟವನ್ನು ಹನ್ನೊಂದು ಅಂಕದಿಂದ ಗೆದ್ದೆ. ನನ್ನ ಕರ್ಮ.

ಮನೆಯಲ್ಲಿ ಮತ್ತೆ ವಿಚಾರಣೆ. ನಾನು ಬೇಕೆಂದೇ ಗೆದ್ದೆ ಎಂದು ಗಂಡನ ಆರೋಪ. ಬೀಗಿತ್ತಿಗೆ ಆಟ ಬರುವುದಿಲ್ಲ, ನಾನೇನು ಮಾಡಲಿ ಎಂದು ನನ್ನ ವಾದ. ಕೊನೆಗೆ, ಬರದಿದ್ದರೆ ಹೇಳಿಕೊಡು ಎಂದರು. ಅದೂ ಸರಿ ಅನ್ನಿಸಿ ನಾನು ಆ ಸಾಧ್ವಿಗೆ ಪಾಠ ಶುರುಮಾಡಿದೆ. ಎಸ್ ಬಿಲ್ಲೆ ಇಟ್ಕೊಳ್ಳಿ ಬೀಗ್ರೇ, ಆಮೇಲೆ ಉಪಯೋಗಕ್ಕೆ ಬರುತ್ತೆ ಎಂದು ಚಾಟಿನಲ್ಲಿ ಬರೆದೆ. ಕೆಂಪು ಮನೆ ಕಂಡರೆ ಬಿಡಬೇಡಿ, ಮೂರು ಪಟ್ಟು ಅಂಕ ಎಂದು ಬರೆದೆ. ಹೌದಾ, ಇಷ್ಟು ದಿನ ಗೊತ್ತೇ ಇರ್ಲಿಲ್ಲ, ಥ್ಯಾಂಕ್ಸ್ ಕಣ್ರೀ ಎಂದು ಅವರು ಕೈಮುಗಿಯುವ ಚಿತ್ರ ಹಾಕಿದರು. ಪಾಪ, ಎಷ್ಟು ಸಾಧು ಎಂದುಕೊಂಡೆ. ಆ ಸಂದೇಶಗಳನ್ನು ನೆನೆಸಿಕೊಂಡರೆ ಈಗಲೂ ಒಬ್ಬಳೇ ಇದ್ದಾಗ ಮುಖ ಮುಚ್ಚಿಕೊಳ್ಳುತ್ತೇನೆ.

ಮೂರನೇ ಆಟ ನಾಲ್ಕು ಅಂಕದಿಂದ ಸೋತೆ. ಅಷ್ಟಕ್ಕೆ ಇಪ್ಪತ್ತು ದಿನ ಹಿಡಿಯಿತು, ರಕ್ತದೊತ್ತಡದ ಮಾತ್ರೆ ಎರಡು ಸಲ ಮರೆತೆ. ಮನೆಯಲ್ಲಿ ಹಬ್ಬ. ಗಂಡ ಮೈಸೂರುಪಾಕು ತಂದರು. ಸೋತದ್ದಕ್ಕೆ ಸಿಹಿ ತಿಂದದ್ದು ನನ್ನ ಜನ್ಮದಲ್ಲಿ ಅದೇ ಮೊದಲು, ಗಂಟಲಲ್ಲಿ ಇಳಿಯಲಿಲ್ಲ.

ನಾಲ್ಕನೇ ಆಟದಲ್ಲಿ ಎಡವಿದೆ.

ಒಂದು ಶನಿವಾರ ಮಧ್ಯಾಹ್ನ ಕಾಲೇಜು ಮುಗಿಸಿ ಬಸ್ಸಿನಲ್ಲಿ ಬರುತ್ತಿದ್ದೆ. ಹೆಬ್ಬಾಳದ ಫ್ಲೈಓವರ್ ಮೇಲೆ ಬಸ್ಸು ನಿಂತುಬಿಟ್ಟಿತು. ಫೋನು ತೆಗೆದೆ. ನನ್ನದು ತೊಂಬತ್ತಾರು, ಬೀಗಿತ್ತಿಯದು ತೊಂಬತ್ತೊಂದು. ನನ್ನ ಬಿಲ್ಲೆಗಳು ಹೇಗೆ ಬಿದ್ದಿದ್ದವೆಂದರೆ ಕಣ್ಣುಮುಚ್ಚಿ ಇಟ್ಟರೂ ಮೂವತ್ತು ಅಂಕ ಬರುತ್ತಿತ್ತು. ಪದ ಇಡುವ ಬದಲು ಬಿಲ್ಲೆಗಳನ್ನು ಬದಲಾಯಿಸಿಕೊಳ್ಳಬಹುದು, ಆಗ ಆ ಸರದಿಗೆ ಅಂಕವಿಲ್ಲ. ಬದಲಾಯಿಸಿದೆ. ಬೀಗಿತ್ತಿಯೂ ಬದಲಾಯಿಸಿದರು. ಹೊಸದಾಗಿ ಬಂದವು ಇನ್ನೂ ಒಳ್ಳೆಯವು. ಮತ್ತೆ ಬದಲಾಯಿಸಿದೆ. ಮತ್ತೆ ಅವರೂ ಬದಲಾಯಿಸಿದರು. ಮುಂದೆ ಬಸ್ಸು ಅಲುಗಾಡುತ್ತಿಲ್ಲ, ಇಲ್ಲಿ ಆಟ ಅಲುಗಾಡುತ್ತಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು.

ಆಟದಲ್ಲಿ ಒಂದು ಗುಂಡಿಯಿದೆ, ರಿಸೈನ್ ಎಂದು. ಒತ್ತಿದರೆ ಎದುರಾಳಿ ಗೆದ್ದ ಹಾಗೆ. ನಾನು ಅದನ್ನು ಅಲ್ಲಿಯ ತನಕ ಒಮ್ಮೆಯೂ ಒತ್ತಿದವಳಲ್ಲ. ತಗೊಳ್ಳಿ ತಾಯಿ, ಗೆದ್ದುಕೊಳ್ಳಿ ಎಂದು ಒತ್ತಿದೆ. ಗೌರವದಿಂದ ಒತ್ತಿದೆ ಎಂದು ಆಮೇಲೆ ಮನೆಯಲ್ಲಿ ವಾದಿಸಿದೆ. ಅರ್ಧ ಗೌರವವೇ ಇತ್ತು. ಇನ್ನರ್ಧ ಸಿಟ್ಟು.

ಸಂಜೆ ಮಗಳು ಮನೆಗೆ ಬಂದಾಗ ಕಣ್ಣು ಕೆಂಪಗಿತ್ತು. ಚಿಕ್ಕಜಾಲದ ಮನೆಯಲ್ಲಿ ಬೀಗಿತ್ತಿಯ ಫೋನಿನಲ್ಲಿ ಎದುರಾಳಿ ಆಟ ಬಿಟ್ಟಿದ್ದಾರೆ ಎಂದು ಬಂದದ್ದನ್ನು ಹುಡುಗನ ಸೋದರತ್ತೆ, ಆ ಹಿರಿಯಾಕೆ, ಯಾರಿಂದಲೋ ಓದಿಸಿ ಕೇಳಿದ್ದರು. ಮದುವೆಗೆ ಮುಂಚೇನೇ ಬೀಗರು ಆಟದ ಮಧ್ಯೆ ಎದ್ದು ಹೋದರೆ ಏನರ್ಥ, ನಾಳೆ ಎಲೆ ಮುಂದಿನಿಂದಲೂ ಹೀಗೇ ಎದ್ದು ಹೋಗ್ತಾರಾ ಎಂದು ರಂಪ ತೆಗೆದಿದ್ದರು. ಇಂಥ ಕಡೆಯಿಂದ ಹೆಣ್ಣು ತರುವ ಮೊದಲು ಇನ್ನೊಂದು ಸಲ ಯೋಚನೆ ಮಾಡಿ ಎಂದೂ ಸೇರಿಸಿದ್ದರು. ಹುಡುಗ ಫೋನು ಮಾಡಿ ಎಲ್ಲ ಹೇಳಿದ್ದ. ಬೀಗಿತ್ತಿ ಏನೆಂದರು ಎಂದು ಕೇಳಿದೆ. ಏನೂ ಅನ್ನಲಿಲ್ಲವಂತೆ, ಮಧ್ಯಾಹ್ನದಿಂದ ಸುಮ್ಮನೆ ಕೂತಿದ್ದಾರಂತೆ. ಅದನ್ನು ಕೇಳಿ ನನಗೆ ಅತ್ತೆಯ ರಂಪಕ್ಕಿಂತ ಹೆಚ್ಚು ಭಯವಾಯಿತು.

"ಎದ್ದು ಹೋಗು ಅಂತ ಯಾರಾದ್ರೂ ಹೇಳಿದ್ರಾ ನಿಂಗೆ?" ಎಂದಳು ಮಗಳು. "ನಂಗೋಸ್ಕರ ಒಂದು ಆಟ ಕೂತು ಆಡೋಕೆ ಆಗ್ಲಿಲ್ವಾ ಅಮ್ಮ?"

ಗಂಡ ಬಂದು ಅವಳ ತಲೆ ಸವರಿದರು, ನನ್ನ ಕಡೆ ನೋಡಲೇ ಇಲ್ಲ. ಐವತ್ತೆರಡು ವರ್ಷಕ್ಕೆ ಮೊದಲ ಸಲ ನನ್ನ ಸ್ವಭಾವದ ಮೇಲೆ ನನಗೇ ಹೇಸಿಗೆಯಾಯಿತು.

ಮಾರನೇ ದಿನ ಭಾನುವಾರ. ಬೆಳಿಗ್ಗೆಯೇ ತಲೆಗೆ ನೀರು ಹಾಕಿಕೊಂಡು, ಊರಿನಿಂದ ಬಂದಿದ್ದ ಕರದಂಟಿನ ಡಬ್ಬಿ ಚೀಲಕ್ಕೆ ಹಾಕಿಕೊಂಡು ಹೊರಟೆ. ಗಂಡ ತಾನೂ ಬರುತ್ತೇನೆ ಎಂದರು. ಬೇಡ, ನಾನು ಮಾಡಿದ್ದು ನಾನೇ ಉಣ್ಣುತ್ತೇನೆ ಎಂದೆ. ವಿಮಾನ ನಿಲ್ದಾಣದ ರಸ್ತೆಯ ಬಸ್ಸು ಹಿಡಿದು ಕಿಟಕಿ ಪಕ್ಕ ಕೂತು ಕ್ಷಮಾಪಣೆಯ ಮಾತು ಕಟ್ಟತೊಡಗಿದೆ. ಹುಣಸಮಾರನಹಳ್ಳಿ ಬರುವ ಹೊತ್ತಿಗೆ ಐದು ಬಗೆ ಕಟ್ಟಿದ್ದೆ, ಒಂದೂ ಸರಿಹೋಗಿರಲಿಲ್ಲ. ನಾನು ಕ್ಷಮಾಪಣೆ ಕೇಳುವ ಅಭ್ಯಾಸವಿಲ್ಲದವಳು. ಎರಡನೆಯದರಲ್ಲಿ ಶುರುವಿಗೆ ಕ್ಷಮಿಸಿ ಎಂದಿತ್ತು, ಕೊನೆಗೆ ಹೇಗೋ ತಪ್ಪೆಲ್ಲ ಅವರದೇ ಆಗಿಬಿಟ್ಟಿತ್ತು.

ಅವರ ಮನೆ ಹೆದ್ದಾರಿಯಿಂದ ಸ್ವಲ್ಪ ಒಳಗೆ. ಹಿಂದೆ ದ್ರಾಕ್ಷಿ ತೋಟವಿದ್ದ ಜಾಗದಲ್ಲಿ ಈಗ ಬಾಡಿಗೆಯ ಕೋಣೆಗಳ ಸಾಲು. ಬಾಗಿಲು ತೆಗೆದದ್ದು ಸೋದರತ್ತೆ. ಬನ್ನಿ ಎಂದರು, ಮುಖ ಮಾತ್ರ ಬರಬೇಡಿ ಅನ್ನುತ್ತಿತ್ತು. ಬೀಗಿತ್ತಿ ಹಿಂದಿನ ಪಡಸಾಲೆಯಲ್ಲಿದ್ದಾರೆ ಎಂದು ಗೋಣು ತಿರುಗಿಸಿ ದೇವರ ಮನೆಗೆ ಹೋದರು.

ಬೀಗಿತ್ತಿ ನೆಲದ ಮೇಲೆ ಚಾಪೆ ಹಾಕಿಕೊಂಡು ಕೂತಿದ್ದರು. ಮುಂದೆ ನೆನೆಸಿದ ಅವರೆಕಾಳಿನ ಪಾತ್ರೆ. ಒಂದೊಂದೇ ಕಾಳನ್ನು ಬೆರಳಲ್ಲಿ ಹಿಸುಕಿ ಸಿಪ್ಪೆ ಬೇರೆ, ಬೇಳೆ ಬೇರೆ ಮಾಡುತ್ತಿದ್ದರು. ಪಾತ್ರೆಗೆ ಒರಗಿಸಿ ಫೋನು ನಿಲ್ಲಿಸಿಕೊಂಡಿದ್ದರು. ನನ್ನನ್ನು ಕಂಡು ಗಾಬರಿಯಾಗಿ ಫೋನು ಎತ್ತಲು ಹೋದರು, ಕೈ ಒದ್ದೆಯಿತ್ತು, ಜಾರಿ ನನ್ನ ಕಾಲ ಬಳಿಗೇ ಬಂದು ಬಿತ್ತು. ಎತ್ತಿಕೊಡಲು ಬಗ್ಗಿದವಳು ಹಾಗೇ ನಿಂತುಬಿಟ್ಟೆ.

ಪರದೆಯ ಮೇಲೆ ಅದೇ ಪದ ಕಟ್ಟುವ ಆಟ. ಎದುರಾಳಿ ಬೇರೆ ಯಾರೋ, ಹೆಸರಿನ ಪಕ್ಕ ಯಾವುದೋ ದೇಶದ ಬಾವುಟವಿತ್ತು. ಆ ಪರದೇಶಿಯದು ಮುನ್ನೂರ ಒಂದು ಅಂಕ. ಬೀಗಿತ್ತಿಯದು ನಾನ್ನೂರ ಅರವತ್ತಮೂರು. ಕ್ಯೂ ಬಿಲ್ಲೆ ಕೆಂಪು ಮನೆಯ ಮೇಲೆ ರಾಣಿಯ ಹಾಗೆ ಕೂತಿತ್ತು. ಏಳೂ ಬಿಲ್ಲೆಗಳನ್ನು ಒಂದೇ ಏಟಿಗೆ ಇಳಿಸಿದ ಪದ ಒಂದಲ್ಲ, ಎರಡು. ಆ ಎರಡರಲ್ಲಿ ಒಂದನ್ನು ನಾನು ಜೀವಮಾನದಲ್ಲಿ ನೋಡಿರಲಿಲ್ಲ.

ಐದೂ ಬಗೆಯ ಕ್ಷಮಾಪಣೆ ತಲೆಯಿಂದ ಹಾರಿಹೋದವು. ಮಗಳು, ಮದುವೆ, ಆಣೆ, ಯಾವುದೂ ನೆನಪಿಗೆ ಬರಲಿಲ್ಲ. ಊರ ಭಾಷೆ ನುಗ್ಗಿಕೊಂಡು ಬಂತು.

"ಅಲ್ರೀ, ನನ್ನ ಏನಂತ ತಿಳಿದೀರಿ ನೀವು? ಸಣ್ಣ ಕೂಸಿಗೆ ಆಡಿಸಿದಂಗ ಆಡಿಸೀರಲ್ಲ. ನಾ ಬ್ಯಾರೆ ನಿಮಗ ಎಸ್ ಬಿಲ್ಲಿ ಇಟ್ಕೋರಿ ಅಂತ ಪಾಠ ಹೇಳ್ಕೋತ ಕುಂತೀನಿ."

ದನಿ ಮನೆಯೆಲ್ಲ ಕೇಳಿಸಿರಬೇಕು. ದೇವರ ಮನೆಯಲ್ಲಿ ಗಂಟೆಯ ಸದ್ದು ನಿಂತಿತು. ಹೋಯಿತು, ಎರಡನೇ ಸಂಬಂಧವನ್ನೂ ಮುರಿದೆ ಎಂದುಕೊಂಡೆ. ಬೀಗಿತ್ತಿ ಮಾತ್ರ ಸೆರಗಿಗೆ ಕೈ ಒರೆಸಿಕೊಂಡು ಚಾಪೆಯ ಮೇಲೆ ಜಾಗ ಮಾಡಿದರು.

"ಕೂತ್ಕೊಳ್ಳಿ ಬೀಗ್ರೇ. ಮೊದಲ್ನೇ ಆಟ ನೀವು ಎಂಗ್ ಆಡುದ್ರಿ, ಎರಡ್ನೇದು ಎಂಗ್ ಆಡುದ್ರಿ, ನಂಗ್ ಗೊತ್ತಾಗಲ್ವಾ? ಇದ್ದಕ್ಕಿದ್ದಂಗೆ ಬೆಕ್ಕು, ಇಲಿ ಅಂತ ಬರೆಯಕ್ಕೆ ಶುರು ಮಾಡುದ್ರಿ. ಪಾಪ, ಮನೇಲಿ ಸೋತ್ಕೊಂಡ್ ಬಾ ಅಂತ ಯೋಳವ್ರೆ ಅನ್ಕೊಂಡೆ."

ನಾನು ಕೂತೆ. ಅಂದರೆ ಎರಡನೇ ಆಟದಿಂದ ನಾವಿಬ್ಬರೂ ಒಬ್ಬರಿಗೊಬ್ಬರು ಸೋಲಲು ಹೆಣಗಾಡಿದ್ದೇವೆ. ನಾನು ಕೆಂಪು ಮನೆ ಬಿಟ್ಟುಕೊಟ್ಟಿದ್ದೇನೆ, ಅವರು ಅದನ್ನು ನನಗೇ ಬಿಟ್ಟಿದ್ದಾರೆ. ನಾನು ಬಿಲ್ಲೆ ಬದಲಾಯಿಸಿದ್ದೇನೆ, ಅವರೂ ಬದಲಾಯಿಸಿದ್ದಾರೆ. ಆ ಮೂರನೇ ಆಟದ ನಾಲ್ಕು ಅಂಕದ ಗೆಲುವು ಅವರಿಗೆ ಕೈತಪ್ಪಿ ಬಂದದ್ದಂತೆ, ಎರಡು ದಿನ ಬೇಜಾರಾಗಿತ್ತಂತೆ. ನಿನ್ನೆ ನಾನು ಆಟ ಬಿಟ್ಟಾಗ, ತಮ್ಮ ನಾಟಕ ಗೊತ್ತಾಗಿ ನನಗೆ ಅವಮಾನವಾಯಿತೇನೋ ಎಂದು ಹೆದರಿ ಮಂಕಾಗಿ ಕೂತಿದ್ದರಂತೆ. ಎಕ್ಸ್‌ಚೇಂಜಿನಲ್ಲಿ ಇಪ್ಪತ್ತು ವರ್ಷ ಜನರ ಹೆಸರು, ಊರು ಎಲ್ಲವನ್ನೂ ಅಕ್ಷರ ಅಕ್ಷರ ಬಿಡಿಸಿ ಹೇಳಿ, ಕೇಳಿ ಅವರಿಗೆ ಪದಗಳು ಬೆರಳ ತುದಿಯಲ್ಲೇ ಇವೆ. ಆದರೂ ನನಗೆ ಒಂದು ತಿಳಿಯಲಿಲ್ಲ. ನಾನು ಹೆಣ್ಣಿನ ಕಡೆಯವಳು, ನಾನು ಸೋಲಬೇಕು, ಅದು ಲೋಕರೂಢಿ. ಗಂಡಿನ ಕಡೆಯವರಾಗಿ ನೀವ್ಯಾಕೆ ಸೋಲುತ್ತಿದ್ದಿರಿ ಎಂದು ಕೇಳಿದೆ.

ಅವರು ಒಂದು ಅವರೆಕಾಳು ಕೈಗೆತ್ತಿಕೊಂಡು ಹಿಸುಕದೆ ಹಾಗೇ ಹಿಡಿದುಕೊಂಡರು.

"ಎಣ್ಣು ಕೊಡೋರು ನೀವು. ಇಷ್ಟ್ ವರ್ಷ ಸಾಕಿರೋ ಮಗೂನ ನಿಮ್ಮನೆಯಿಂದ ಕರ್ಕೊಂಡ್ ಬರ್ತಾ ಇದೀನಿ. ಅದ್ರ ಮೇಲೆ ಆಟಾನೂ ನಾನೇ ಗೆದ್ಕೊಳ್ಳೋದಾ? ಮನಸ್ಸು ಬರ್ಲಿಲ್ಲ ಕಣ್ರೀ."

ನಾನು ಅಳುವವಳಲ್ಲ. ಹೂ ಮುಡಿಸುವ ದಿನ ಎಲ್ಲರೂ ಅತ್ತರು, ನಾನು ಊಟದ ಎಲೆ ಎಣಿಸುತ್ತಿದ್ದೆ. ಆ ಪಡಸಾಲೆಯಲ್ಲಿ, ಅವರೆಕಾಳಿನ ಸಿಪ್ಪೆಯ ರಾಶಿಯ ಮುಂದೆ ಕೂತು ಅತ್ತುಬಿಟ್ಟೆ. ಮಗಳು ಹೋಗುತ್ತಾಳೆ ಎಂಬುದನ್ನು ಆವರೆಗೂ ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಎಲ್ಲರೂ ಮದುವೆ ಎಂದಿದ್ದರು, ಸಂಬಂಧ ಎಂದಿದ್ದರು, ಜವಾಬ್ದಾರಿ ಕಳೆಯಿತು ಎಂದಿದ್ದರು. ನನ್ನಿಂದ ಏನೋ ಹೋಗುತ್ತಿದೆ ಎಂದು ಲೆಕ್ಕ ಹಿಡಿದವರು ಈಕೆ ಒಬ್ಬರೇ. ಬೀಗಿತ್ತಿ ಸಮಾಧಾನ ಮಾಡಲು ಬರಲಿಲ್ಲ. ಒಂದು ಹಿಡಿ ಅವರೆಕಾಳು ನನ್ನ ಮುಂದೆ ಸುರಿದರು. ಮೂಗು ಒರೆಸಿಕೊಂಡು ಹಿಸುಕತೊಡಗಿದೆ.

ಪಾತ್ರೆ ಖಾಲಿಯಾದ ಮೇಲೆ ಇಬ್ಬರೂ ಕೈ ತೊಳೆದು ಬಂದು ಎದುರುಬದುರು ಕೂತು ಹೊಸ ಆಟ ತೆರೆದೆವು. ಒಬ್ಬರಿಗೊಬ್ಬರು ಏನೂ ಬಿಟ್ಟುಕೊಡಬಾರದು, ಬಿಟ್ಟರೆ ಮಕ್ಕಳ ಮೇಲಾಣೆ ಎಂದು ಮಾತಾಯಿತು. ಆಮೇಲೆ ನೋಡಿ, ಅಬ್ಬಬ್ಬಾ, ಆ ಮೆತ್ತನೆಯ ಹೆಂಗಸು ನನ್ನನ್ನು ಅಟ್ಟಾಡಿಸಿದರು. ನಾನು ಕೆಂಪು ಮನೆಗೆ ಅಡ್ಡಗಟ್ಟಿದರೆ ಎರಡಕ್ಷರದ ಒಂದು ಕಿಂಡಿಯಲ್ಲಿ ನುಸುಳಿ ಬಂದರು. ನಾನು ಎತ್ತಿಟ್ಟು ಕಾಪಾಡಿದ್ದ ಎಸ್ ಅಂಟಿಸುವ ಜಾಗವನ್ನು ಒಂದು ಸರದಿ ಮೊದಲೇ ಮುಚ್ಚಿದರು. ನಾನು ನಿಜವಾಗಿ ಬೆವತೆ. ಅವರು ಒಳ್ಳೆಯ ಪದ ಇಟ್ಟಾಗಲೆಲ್ಲ ಹಲ್ಲು ಕಚ್ಚಿಕೊಂಡು ಭೇಷ್ ಅಂದೆ. ಸೋದರತ್ತೆ ಕಾಫಿ ತಂದಿಟ್ಟು ಬಾಗಿಲಿಗೆ ಒರಗಿ ನಿಂತವರು, ಯಾರು ಗೆಲ್ತಾ ಅವ್ರೆ ಎಂದು ಕೇಳಿದರು. ನಾನೇ ಎಂದರು ಬೀಗಿತ್ತಿ. ಅತ್ತೆಯ ಮುಖ ಅರಳಿತು. ಒಳಗೆ ಹೋಗಿ ನನಗೆ ಇನ್ನೊಂದು ಲೋಟ ಕಾಫಿ ತಂದುಕೊಟ್ಟರು, ಈ ಸಲ ಜೊತೆಗೆ ಕೋಡುಬಳೆ.

ಎಪ್ಪತ್ತಮೂರು ಅಂಕದಿಂದ ಸೋತೆ. ಊಟ ಮಾಡಿಕೊಂಡೇ ಹೋಗಬೇಕು ಎಂದು ಹಿಡಿದುಕೊಂಡರು, ಹಿತಕಿದ ಬೇಳೆ ಸಾರಿನಲ್ಲಿ ಮುದ್ದೆ ನುಂಗಿದೆ, ಅಗಿಯದೆ ನುಂಗಬೇಕಾದ್ದನ್ನು ಅರ್ಧ ಅಗಿದೆ ಎಂದು ಇಬ್ಬರೂ ನಕ್ಕರು. ಸಂಜೆ ಬಸ್ಸು ಹತ್ತಿದಾಗಲೂ ಮೈಯೆಲ್ಲ ಉರಿಯುತ್ತಿತ್ತು. ಆ ಕೊನೆಯ ಸರದಿಯಲ್ಲಿ ಜೆಡ್ ಬಿಲ್ಲೆಯನ್ನು ಅಲ್ಲಿಟ್ಟಿದ್ದರೆ, ಇಲ್ಲಿಟ್ಟಿದ್ದರೆ ಎಂದು ಕೈ ಕೈ ಹಿಸುಕಿಕೊಳ್ಳುತ್ತಿದ್ದೆ. ಇಷ್ಟು ಚೆನ್ನಾಗಿ ಉರಿದು ಬಹಳ ದಿನವಾಗಿತ್ತು.

ಅಷ್ಟರಲ್ಲಿ ಮಗಳ ಫೋನು ಬಂತು. ಬೆಳಿಗ್ಗೆಯಿಂದ ಕಾದು ಕೂತಿದ್ದಳು, ಪಾಪ. ಏನಾಯಿತು ಎಂದಳು. ಸೋತೆ ಎಂದೆ. ನಿಟ್ಟುಸಿರು ಬಿಟ್ಟು, ಸದ್ಯ, ಈ ಸಲವಾದರೂ ಗೊತ್ತಾಗದ ಹಾಗೆ ಬಿಟ್ಟುಕೊಟ್ಟೆಯಲ್ಲ ಎಂದಳು. ಬಿಟ್ಟುಕೊಡಲಿಲ್ಲ ಕಣೆ, ಜೀವ ಬಿಟ್ಟು ಆಡಿ ಸೋತೆ ಎಂದೆ. ನಿಜಾನಾ ಎಂದು ಎರಡು ಸಲ ಕೇಳಿದಳು.

"ಆ ಮನಿಯೊಳಗ ನೀ ಯಾರಿಗೂ ಬೇಕಂತ ಸೋಲೂದು ಬ್ಯಾಡವ್ವ" ಎಂದೆ. "ನಿಮ್ಮ ಅತ್ತೀಗ ಅದು ಸೇರಂಗಿಲ್ಲ."